ಇಲಿಯ ಸುದ್ದಿಯೂ ಷೇರಿನ ಬೆಲೆಯೂ

1998ರ ಮೇ 1, ಶುಕ್ರವಾರ. ಎಂಟ್ರೆಮೆಡ್ ಎಂಬ ಅಮೆರಿಕದ ಚಿಕ್ಕ ಬಯೋಟೆಕ್ ಕಂಪನಿಯ ಷೇರು ಅಂದಿನ ವಹಿವಾಟನ್ನು ಸುಮಾರು 12 ಡಾಲರಿನಲ್ಲಿ ಮುಗಿಸಿತ್ತು. ಭಾನುವಾರದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಒಂದು ವರದಿ ಬಂತು. ಬಾಸ್ಟನ್ನಿನ ವೈದ್ಯವಿಜ್ಞಾನಿ ಜುದಾ ಫೋಕ್‌ಮನ್ ಅವರ ಪ್ರಯೋಗಾಲಯದಲ್ಲಿ ಎಂಡೋಸ್ಟಾಟಿನ್, ಆಂಜಿಯೋಸ್ಟಾಟಿನ್ ಎಂಬ ಎರಡು ಪ್ರೋಟೀನುಗಳು ಇಲಿಗಳ ಕ್ಯಾನ್ಸರ್ ಗಡ್ಡೆಗಳಿಗೆ ರಕ್ತ ಒದಗಿಸುವ ನಾಳಗಳ ಬೆಳವಣಿಗೆಯನ್ನು ತಡೆದು ಗಡ್ಡೆಗಳನ್ನೇ ಕರಗಿಸಿವೆ ಎಂಬುದು ಅದರ ಸಾರಾಂಶ. ಆ ಪ್ರೋಟೀನುಗಳನ್ನು ಔಷಧವಾಗಿ ಬೆಳೆಸುವ ಹಕ್ಕು ಎಂಟ್ರೆಮೆಡ್ ಕಂಪನಿಯ ಬಳಿ ಇತ್ತು. ಸೋಮವಾರ ಪೇಟೆ ತೆರೆದಾಗ ಷೇರಿನ ಬೆಲೆ 85 ಡಾಲರ್. ಸಂಜೆ ಮುಚ್ಚುವಾಗ ಸುಮಾರು 52.

ಈ ಕಥೆಯನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಆದರೆ ಇದರೊಳಗಿನ ಒಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮೇ ತಿಂಗಳ ಆ ವರದಿಯಲ್ಲಿ ಹೊಸತೇನೂ ಇರಲಿಲ್ಲ. ಅದೇ ಇಲಿಗಳ ಅದೇ ಫಲಿತಾಂಶ ಐದು ತಿಂಗಳಿಗೂ ಹಿಂದೆ, 1997ರ ನವೆಂಬರಿನಲ್ಲಿ, ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಅದೇ ನ್ಯೂಯಾರ್ಕ್ ಟೈಮ್ಸ್ ತನ್ನ ಒಳಪುಟವೊಂದರಲ್ಲಿ ಅದನ್ನು ಆಗಲೇ ವರದಿ ಮಾಡಿತ್ತು. ಹೂಬರ್‌ಮನ್ ಮತ್ತು ರೆಗೆವ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2001ರಲ್ಲಿ ಜರ್ನಲ್ ಆಫ್ ಫೈನಾನ್ಸ್‌ನಲ್ಲಿ ಈ ಘಟನೆಯನ್ನೇ ವಸ್ತುವಾಗಿಟ್ಟುಕೊಂಡು ಬರೆದ ಪ್ರಬಂಧದಲ್ಲಿ, ಹೊಸ ಮಾಹಿತಿ ಒಂದಿಷ್ಟೂ ಇಲ್ಲದೆ ಬೆಲೆ ಹೇಗೆ ಹಲವು ಪಟ್ಟು ಏರಿತು, ಆ ಏರಿಕೆ ಸಂಬಂಧವಿಲ್ಲದ ಇತರ ಬಯೋಟೆಕ್ ಷೇರುಗಳಿಗೂ ಹೇಗೆ ಹರಡಿತು ಎಂಬುದನ್ನು ದಾಖಲಿಸಿದ್ದಾರೆ. ಅಂದರೆ ಆ ಸೋಮವಾರ ಬೆಳಿಗ್ಗೆ 85 ಡಾಲರ್ ಕೊಟ್ಟವರು ಕೊಂಡದ್ದು ವಿಜ್ಞಾನವನ್ನಲ್ಲ, ಮುಖಪುಟವನ್ನು. ಅದೇ ವರ್ಷದ ನವೆಂಬರಿನಲ್ಲಿ, ಬೇರೆ ಪ್ರಯೋಗಾಲಯಗಳಿಗೆ ಫೋಕ್‌ಮನ್ ಅವರ ಫಲಿತಾಂಶವನ್ನು ಮರಳಿ ಪಡೆಯಲು ಆಗಿಲ್ಲವೆಂದು ವಾಲ್ ಸ್ಟ್ರೀಟ್ ಜರ್ನಲ್ ವರದಿ ಮಾಡಿದಾಗ ಷೇರು ಒಂದೇ ದಿನದಲ್ಲಿ ಕಾಲು ಭಾಗದಷ್ಟು ಕುಸಿಯಿತು.

ಫೋಕ್‌ಮನ್ ಅವರ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ನಿಮಗೆ ಕ್ಯಾನ್ಸರ್ ಇದ್ದು ನೀವು ಇಲಿಯೂ ಆಗಿದ್ದರೆ ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳಬಲ್ಲೆವು ಎಂದು ಅವರೇ ತಮಾಷೆಯಾಗಿ ಹೇಳಿದ್ದುಂಟು. ವಿಜ್ಞಾನಿಗೆ ತನ್ನ ಫಲಿತಾಂಶದ ಎಲ್ಲೆ ತಿಳಿದಿತ್ತು. ಇದಕ್ಕಿಂತ ಮುಖ್ಯವಾದದ್ದು, ಅವರ ಮೂಲ ಆಲೋಚನೆ ಸರಿಯಾಗಿತ್ತು. ಗಡ್ಡೆಗೆ ರಕ್ತ ಹರಿಯುವ ದಾರಿಯನ್ನು ಮುಚ್ಚಬಹುದು ಎಂಬ ತತ್ವದ ಮೇಲೆ ನಿಂತ ಅವಾಸ್ಟಿನ್ ಎಂಬ ಔಷಧಕ್ಕೆ 2004ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ಆದರೆ ಅದು ಎಂಟ್ರೆಮೆಡ್ ಕಂಪನಿಯದಲ್ಲ, ಜೆನೆಂಟೆಕ್ ಕಂಪನಿಯದು. ಅಣುವೂ ಬೇರೆ, ಅದು ಹಿಡಿದ ದಾರಿಯೂ ಬೇರೆ. ಆ ಗೆಲುವೂ ನೇರವಾಗಿ ಬರಲಿಲ್ಲ. 2002ರಲ್ಲಿ ಸ್ತನ ಕ್ಯಾನ್ಸರಿನ ದೊಡ್ಡ ಪ್ರಯೋಗವೊಂದರಲ್ಲಿ ಅವಾಸ್ಟಿನ್ ಸೋತಿತ್ತು. ಕೊನೆಗೆ ಗೆದ್ದದ್ದು ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ. 813 ರೋಗಿಗಳ ಆ ಪ್ರಯೋಗದಲ್ಲಿ ಕೀಮೋಥೆರಪಿಯನ್ನು ಮಾತ್ರ ಪಡೆದವರು ಬದುಕಿದ ಮಧ್ಯಮಾವಧಿ (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) 15.6 ತಿಂಗಳಾಗಿದ್ದರೆ, ಜೊತೆಗೆ ಅವಾಸ್ಟಿನ್ ಪಡೆದವರದು 20.3 ತಿಂಗಳು. ಇಲಿಯಲ್ಲಿ ಗಡ್ಡೆಯೇ ಕರಗಿತ್ತು. ಮನುಷ್ಯನಲ್ಲಿ ಅದೇ ತತ್ವ, ಅತ್ಯುತ್ತಮ ಅಣುವಿನ ರೂಪದಲ್ಲಿ, ಐದು ತಿಂಗಳಿಗೂ ಕಡಿಮೆ ಆಯುಸ್ಸನ್ನು ಕೊಟ್ಟಿತು. ರೋಗಿಗೆ ಅದು ಸಣ್ಣ ಸಂಗತಿಯಲ್ಲ. ಆದರೆ 1998ರ ಸೋಮವಾರದ ಬೆಲೆಯಲ್ಲಿ ಅಡಗಿದ್ದ ನಿರೀಕ್ಷೆ ಇದಲ್ಲ.

ಇಂದು ನಾನು ಹೇಳಬೇಕೆಂದಿರುವುದು ಇದರಿಂದಲೇ ಹೊರಡುತ್ತದೆ. ಆರಂಭಿಕ ಸಂಶೋಧನೆಯ ಸುದ್ದಿ ಓದಿ ಷೇರು ಕೊಳ್ಳುವಾಗ ನಾವು ಮೂರು ಪ್ರಶ್ನೆಗಳನ್ನು ಒಂದೇ ಎಂದು ಭಾವಿಸುತ್ತೇವೆ. ಈ ವಿಜ್ಞಾನ ನಿಜವೇ, ಅದು ಮನುಷ್ಯರಲ್ಲಿ ಔಷಧವಾಗಿ ಕೆಲಸ ಮಾಡುವುದೇ, ಈ ಕಂಪನಿಯ ಷೇರನ್ನು ಈ ಬೆಲೆಗೆ ಇಂದು ಕೊಂಡವನಿಗೆ ಲಾಭವಾಗುವುದೇ. ಸುದ್ದಿ ಉತ್ತರಿಸುವುದು ಮೊದಲ ಪ್ರಶ್ನೆಯ ಒಂದು ಭಾಗವನ್ನು ಮಾತ್ರ. ನಾವು ಹಣ ಹಾಕುವುದು ಮೂರನೆಯದರ ಮೇಲೆ.

ಮೊದಲ ಪ್ರಶ್ನೆಯ ಉತ್ತರವೂ ನಾವು ಅಂದುಕೊಂಡಷ್ಟು ಗಟ್ಟಿಯಲ್ಲ. 2012ರಲ್ಲಿ ಆಮ್ಜೆನ್ ಕಂಪನಿಯ ವಿಜ್ಞಾನಿಗಳು ತಾವು ಹತ್ತು ವರ್ಷಗಳ ಅವಧಿಯಲ್ಲಿ ಮರುಪರೀಕ್ಷೆಗೆ ಒಳಪಡಿಸಿದ, ಕ್ಯಾನ್ಸರ್ ಸಂಶೋಧನೆಯಲ್ಲಿ ಮೈಲಿಗಲ್ಲುಗಳೆನಿಸಿದ್ದ 53 ಪ್ರಬಂಧಗಳ ಪೈಕಿ ಕೇವಲ 6ರ ಫಲಿತಾಂಶವನ್ನು ಮರಳಿ ಪಡೆಯಲು ಸಾಧ್ಯವಾಯಿತೆಂದು ತಿಳಿಸಿದರು. ಅದಕ್ಕೆ ಒಂದು ವರ್ಷ ಮೊದಲು ಬೇಯರ್ ಕಂಪನಿಯವರು 67 ಯೋಜನೆಗಳ ಬಗ್ಗೆ ಇಂಥದ್ದೇ ಅನುಭವವನ್ನು ಪ್ರಕಟಿಸಿದ್ದರು. ಅಲ್ಲಿ ತಾಳೆಯಾದದ್ದು ಸುಮಾರು ಕಾಲು ಭಾಗ. ಇದನ್ನು ಕೇಳಿ ವಿಜ್ಞಾನಿಗಳೆಲ್ಲ ಮೋಸಗಾರರು ಎಂದು ತೀರ್ಮಾನಿಸಬೇಡಿ. ಒಂದೇ ತಳಿಯ, ಒಂದೇ ವಯಸ್ಸಿನ, ಒಂದೇ ಆಹಾರ ತಿಂದು ಬೆಳೆದ ಇಲಿಗಳಲ್ಲಿ ನಾವೇ ಕಸಿ ಮಾಡಿದ ಗಡ್ಡೆ ಕರಗುವುದಕ್ಕೂ, ಎಪ್ಪತ್ತು ವರ್ಷ ಬದುಕಿ, ಮೂರು ಬೇರೆ ಕಾಯಿಲೆಗಳಿಗೆ ಮಾತ್ರೆ ನುಂಗುತ್ತಿರುವ ಮನುಷ್ಯನಲ್ಲಿ ತಾನಾಗಿ ಹುಟ್ಟಿದ ಗಡ್ಡೆ ಕರಗುವುದಕ್ಕೂ ಇರುವ ಅಂತರವೇ ಅಂಥದ್ದು. ಅದರ ಮೇಲೆ, ಹತ್ತು ಪ್ರಯೋಗಾಲಯಗಳು ಒಂದೇ ಕೆಲಸಕ್ಕೆ ಕೈಹಾಕಿ ಒಂಬತ್ತು ಸೋತು ಒಂದು ಗೆದ್ದರೆ, ಪ್ರಬಂಧವಾಗುವುದು ಗೆದ್ದದ್ದು. ಸೋತ ಒಂಬತ್ತು ಕಡತದಲ್ಲೇ ಉಳಿಯುತ್ತವೆ.

ಪ್ರಾಣಿಯಲ್ಲಿ ಕಂಡದ್ದು ಮನುಷ್ಯನಲ್ಲಿ ತಿರುಗುಮುರುಗಾಗುವುದು ಪರಿಣಾಮದ ವಿಷಯದಲ್ಲಿ ಮಾತ್ರವಲ್ಲ, ಸುರಕ್ಷತೆಯ ವಿಷಯದಲ್ಲೂ ಹೌದು. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಪ್ರತಿಕಾಯವನ್ನು, ಮಂಗಗಳಿಗೆ ತೊಂದರೆಯಾಗದ ಪ್ರಮಾಣದ 500ರಲ್ಲಿ ಒಂದು ಭಾಗದಷ್ಟು ಮಾತ್ರ, ಆರು ಮಂದಿ ಆರೋಗ್ಯವಂತ ಯುವಕರಿಗೆ ಕೊಡಲಾಯಿತು. ಕೆಲವೇ ಗಂಟೆಗಳಲ್ಲಿ ಆರೂ ಮಂದಿ ಜೀವಾಪಾಯದ ಸ್ಥಿತಿಗೆ ತಲುಪಿದರು. ಎಲ್ಲರೂ ಬದುಕಿ ಉಳಿದರು. ಆ ಔಷಧವನ್ನು ರೂಪಿಸಿದ್ದ ಟೆಜೆನೆರೊ ಕಂಪನಿ ಅದೇ ವರ್ಷ ದಿವಾಳಿಯಾಯಿತು.

ಈಗ ಲೆಕ್ಕಕ್ಕೆ ಬರೋಣ. ಮನುಷ್ಯರ ಮೇಲಿನ ಪ್ರಯೋಗ ಮೂರು ಹಂತಗಳಲ್ಲಿ ನಡೆಯುತ್ತದೆ ಎಂಬುದು ನಿಮಗೆಲ್ಲ ಗೊತ್ತಿದೆ: ಮೊದಲನೆಯದು ಮುಖ್ಯವಾಗಿ ಸುರಕ್ಷತೆಗೆ, ಎರಡನೆಯದು ಕೆಲಸ ಮಾಡುವ ಸೂಚನೆ ಇದೆಯೇ ಎಂದು ನೋಡಲು, ಮೂರನೆಯದು ಅದನ್ನು ಸಾಬೀತುಪಡಿಸಲು. ಬಯೋಟೆಕ್ ಉದ್ಯಮದ ಸಂಘಟನೆಯೇ 2011ರಿಂದ 2020ರವರೆಗಿನ ಪ್ರಯೋಗಗಳನ್ನು ಒಟ್ಟುಹಾಕಿ ಎಣಿಸಿದಾಗ, ಮೊದಲ ಹಂತಕ್ಕೆ ಕಾಲಿಟ್ಟ ಔಷಧಗಳ ಪೈಕಿ ಅನುಮತಿ ಪಡೆಯುವವು ನೂರಕ್ಕೆ ಸುಮಾರು 8 ಎಂದು ತಿಳಿದುಬಂತು. ದಾರಿಯಲ್ಲಿ ಕಳೆಯುವ ಕಾಲ ಸರಾಸರಿ ಹತ್ತೂವರೆ ವರ್ಷ. ಎಲ್ಲಕ್ಕಿಂತ ಕಡಿದಾದ ಮೆಟ್ಟಿಲು ಎರಡನೆಯ ಹಂತ. ಅಲ್ಲಿಂದ ಮುಂದಕ್ಕೆ ಹೋಗುವವು ಮೂರರಲ್ಲಿ ಒಂದಕ್ಕಿಂತ ಕಡಿಮೆ. ಗಮನಿಸಿ, ಇದು ಮನುಷ್ಯರ ಪ್ರಯೋಗ ಆರಂಭಿಸಿದ ಔಷಧಗಳ ಲೆಕ್ಕ. ಇಲಿಯ ಹಂತದಲ್ಲಿರುವವು ಈ ನೂರರಲ್ಲಿ ಸೇರಿಯೇ ಇಲ್ಲ.

ಒಂದು ಕಾಲ್ಪನಿಕ ಕಂಪನಿಯನ್ನು ತೆಗೆದುಕೊಳ್ಳಿ. ಅದರ ಬಳಿ ಇರುವುದು ಒಂದೇ ಔಷಧ, ಅದೂ ಮೊದಲ ಹಂತದಲ್ಲಿದೆ. ಗೆದ್ದರೆ ಹತ್ತು ವರ್ಷಗಳ ನಂತರ ಕಂಪನಿಯ ಬೆಲೆ 500 ಕೋಟಿ ಡಾಲರ್ ಆಗುತ್ತದೆ, ಸೋತರೆ ಸೊನ್ನೆ ಎಂದಿಟ್ಟುಕೊಳ್ಳೋಣ. ಗೆಲ್ಲುವ ಸಾಧ್ಯತೆ ಶೇಕಡಾ 8 ಆದ್ದರಿಂದ 500 ಕೋಟಿ 40 ಕೋಟಿಗೆ ಇಳಿಯುತ್ತದೆ. ಹತ್ತು ವರ್ಷ ಕಾಯುವುದಕ್ಕೆ ವರ್ಷಕ್ಕೆ ಶೇಕಡಾ 12ರ ಪ್ರತಿಫಲ ಬೇಕೆಂದರೆ, ಆ 40 ಕೋಟಿಯ ಇಂದಿನ ಮೌಲ್ಯ ಸುಮಾರು 13 ಕೋಟಿ. ಪ್ರಯೋಗಗಳಿಗೆ ತಗಲುವ ಖರ್ಚನ್ನು ನಾನಿನ್ನೂ ಕಳೆದಿಲ್ಲ. ಸುದ್ದಿ ಬಂದ ದಿನ ಪೇಟೆ ಈ ಕಂಪನಿಗೆ 100 ಕೋಟಿ ಬೆಲೆ ಕಟ್ಟಿದರೆ, ಔಷಧ ಮುಂದೆ ಗೆಲ್ಲಲಿ ಸೋಲಲಿ, ಆ ಬೆಲೆ ಅಂದಿಗೇ ತಪ್ಪು. ಈ ಲೆಕ್ಕದ ಅಂಕಿಗಳನ್ನು ನೀವು ಬದಲಿಸಿಕೊಳ್ಳಬಹುದು, ಕೆಲವು ರೋಗಗಳಿಗೆ ಶೇಕಡಾ 8ರ ಜಾಗದಲ್ಲಿ 15 ಹಾಕಿದರೂ ಅಡ್ಡಿಯಿಲ್ಲ. ಆದರೆ ಲೆಕ್ಕ ಮಾಡದೆ ಕೊಳ್ಳುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಅದೂ ಕೂಸಿನ ಹತ್ತು ವರ್ಷದ ಅಳತೆಗೆ.

ಇನ್ನು ಸುದ್ದಿಯನ್ನು ಓದುವ ಬಗೆ. ಬಹುಪಾಲು ಸುದ್ದಿಗಳ ಮೂಲ ಕಂಪನಿಯ ಪತ್ರಿಕಾ ಪ್ರಕಟಣೆ. ಅದನ್ನು ಓದುವ ಮೊದಲು ನಾನು ಕ್ಲಿನಿಕಲ್ ಟ್ರಯಲ್‌ಗಳ ಸಾರ್ವಜನಿಕ ನೋಂದಣಿಯನ್ನು ತೆರೆದು ನೋಡುತ್ತೇನೆ. ಪ್ರಯೋಗ ಆರಂಭವಾಗುವ ಹೊತ್ತಿಗೇ ಕಂಪನಿ ತಾನು ಅಳೆಯಲಿರುವ ಪ್ರಧಾನ ಗುರಿ ಯಾವುದು, ರೋಗಿಗಳು ಎಷ್ಟು, ಎಷ್ಟು ಕಾಲ ಎಂದು ಅಲ್ಲಿ ಬರೆದಿರುತ್ತದೆ. ಆಮೇಲೆ ತಿದ್ದಿದ್ದರೆ ತಿದ್ದಿದ ದಿನಾಂಕವೂ ಇರುತ್ತದೆ. ಪ್ರಕಟಣೆಯ ಶೀರ್ಷಿಕೆ ಆ ಗುರಿಯ ಬಗ್ಗೆ ಮಾತನಾಡುತ್ತಿದೆಯೇ ಅಥವಾ ಬೇರೇನನ್ನೋ ಎತ್ತಿ ತೋರಿಸುತ್ತಿದೆಯೇ ಎಂಬುದನ್ನು ಹೋಲಿಸಿದರೆ ಅರ್ಧ ಕೆಲಸ ಮುಗಿಯಿತು.

ಇದಕ್ಕೆ ಇಂಟರ್‌ಮ್ಯೂನ್ ಕಂಪನಿಯ ಉದಾಹರಣೆಯಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ. ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಮಾರಕ ರೋಗವೊಂದಕ್ಕೆ ಆ ಕಂಪನಿ ಆಕ್ಟಿಮ್ಯೂನ್ ಎಂಬ ಔಷಧವನ್ನು 330 ರೋಗಿಗಳಲ್ಲಿ ಪರೀಕ್ಷಿಸಿತು. ಪ್ರಧಾನ ಗುರಿ ಈಡೇರಲಿಲ್ಲ. ಸಾವಿನ ಸಂಖ್ಯೆಯಲ್ಲಿ ಕಂಡ ವ್ಯತ್ಯಾಸವೂ ಆಕಸ್ಮಿಕವಲ್ಲ ಎನ್ನುವಷ್ಟು ದೊಡ್ಡದಾಗಿರಲಿಲ್ಲ. ಆದರೆ ರೋಗ ಸೌಮ್ಯದಿಂದ ಮಧ್ಯಮ ಮಟ್ಟದಲ್ಲಿದ್ದವರನ್ನು ಮಾತ್ರ ಆಮೇಲೆ ಬೇರ್ಪಡಿಸಿ ನೋಡಿದಾಗ ಸಾವು ಶೇಕಡಾ 70ರಷ್ಟು ಕಡಿಮೆ ಕಂಡಿತು. 2002ರ ಆಗಸ್ಟ್‌ನಲ್ಲಿ ಹೊರಟ ಪ್ರಕಟಣೆ ಔಷಧ ಆಯುಸ್ಸನ್ನು ಹೆಚ್ಚಿಸುವುದು ಸಾಬೀತಾಗಿದೆ ಎಂದು ಸಾರಿತು. ಲಾಟರಿಯ ಫಲಿತಾಂಶ ಬಂದ ಮೇಲೆ ಟಿಕೆಟ್ ಆರಿಸಿಕೊಂಡ ಹಾಗೆ. ರೋಗಿಗಳನ್ನು ವಯಸ್ಸು, ಲಿಂಗ, ತೂಕ, ರೋಗದ ತೀವ್ರತೆ ಎಂದು ಬೇಕಾದಂತೆ ವಿಂಗಡಿಸುತ್ತ ಹೋದರೆ ಯಾವುದೋ ಒಂದು ಗುಂಪಿನಲ್ಲಿ ಸಕ್ಕರೆ ಗುಳಿಗೆ ಕೂಡ ಗೆಲ್ಲುತ್ತದೆ. ಆ ಗುಂಪಿನವರಲ್ಲೇ ನಡೆಸಿದ ದೊಡ್ಡ ಪ್ರಯೋಗವನ್ನು ಪ್ರಯೋಜನವಿಲ್ಲವೆಂದು 2007ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಪ್ರಕಟಣೆ ಹೊರಟಾಗ ಕಂಪನಿಯ ಮುಖ್ಯಸ್ಥರಾಗಿದ್ದವರನ್ನು ಆ ಪ್ರಕಟಣೆಯ ಕಾರಣಕ್ಕೆ ನ್ಯಾಯಾಲಯ 2009ರಲ್ಲಿ ತಪ್ಪಿತಸ್ಥರೆಂದು ತೀರ್ಮಾನಿಸಿತು. 2021ರಲ್ಲಿ ಅವರಿಗೆ ಅಮೆರಿಕದ ಅಧ್ಯಕ್ಷರ ಕ್ಷಮಾದಾನ ದೊರೆಯಿತು. ಅಂಕಿಗಳು ಸುಳ್ಳಾಗಿರಲಿಲ್ಲ ಎಂಬುದನ್ನು ನೆನಪಿಡಿ. ಅವುಗಳಿಂದ ಹೊರಡಿಸಿದ ಅರ್ಥದ ಬಗ್ಗೆ ವಿವಾದ ಹುಟ್ಟಿತು.

ಮೊದಲ ಹಂತದ ಸುದ್ದಿಯಲ್ಲಿ ನೋಡಬೇಕಾದದ್ದು ಇದಕ್ಕಿಂತ ಸರಳ: ಎಷ್ಟು ಮಂದಿ, ಹೋಲಿಕೆಗೆ ಪ್ಲಾಸಿಬೊ (ಔಷಧದಂತೆಯೇ ಕಾಣುವ, ಔಷಧವಿಲ್ಲದ ಹುಸಿ ಮದ್ದು) ಪಡೆದವರು ಇದ್ದರೇ, ಅಳೆದದ್ದು ರೋಗಿಯ ಸ್ಥಿತಿಯನ್ನೋ ರಕ್ತದಲ್ಲಿನ ಯಾವುದೋ ಸೂಚಕವನ್ನೋ. ಔಷಧವನ್ನು ದೇಹ ಚೆನ್ನಾಗಿ ತಾಳಿಕೊಂಡಿದೆ ಎಂಬ ವಾಕ್ಯ ಬಹುತೇಕ ಪ್ರತಿಯೊಂದು ಪ್ರಕಟಣೆಯಲ್ಲೂ ಇರುತ್ತದೆ. ಅದಕ್ಕೆ ಬೆಲೆ ಕೊಡಬೇಡಿ.

ಸುದ್ದಿ ಬರುವ ದಿನಕ್ಕೂ ಕಂಪನಿಯ ಹಣದ ಅಗತ್ಯಕ್ಕೂ ಸಂಬಂಧವಿರುತ್ತದೆ ಎಂಬುದನ್ನು ಹೊಸ ಹೂಡಿಕೆದಾರರು ತಡವಾಗಿ ಕಲಿಯುತ್ತಾರೆ. ಮಾರಲು ಏನೂ ಇಲ್ಲದ ಕಂಪನಿ ಬದುಕುವುದು ಹೊಸ ಷೇರು ಮಾರಿ. ಬೆಲೆ ಏರಿದ ದಿನ ಮಾರಿದರೆ ಹೆಚ್ಚು ಹಣ ಬರುತ್ತದೆ, ಅದರಲ್ಲಿ ಅಕ್ರಮವೇನೂ ಇಲ್ಲ. 2020ರ ಮೇ 18ರಂದು ಮೊಡೆರ್ನಾ ಕಂಪನಿ ತನ್ನ ಕೋವಿಡ್ ಲಸಿಕೆಯ ಮೊದಲ ಹಂತದ ಮಧ್ಯಂತರ ಫಲಿತಾಂಶವನ್ನು ಪ್ರಕಟಿಸಿತು. ವೈರಾಣುವನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳ ಮಾಹಿತಿ ಅಂದು ಲಭ್ಯವಿದ್ದದ್ದು ಎಂಟು ಮಂದಿಯದು. ಷೇರು ಶೇಕಡಾ 20ರಷ್ಟು ಏರಿತು. ಅದೇ ದಿನ ಸಂಜೆ ಕಂಪನಿ ಹೊಸ ಷೇರುಗಳ ಮಾರಾಟವನ್ನು ಘೋಷಿಸಿ, ತಲಾ 76 ಡಾಲರಿನಂತೆ ಸುಮಾರು 134 ಕೋಟಿ ಡಾಲರ್ ಸಂಗ್ರಹಿಸಿತು. ಆ ಲಸಿಕೆ ಗೆದ್ದಿತು, ಕೊಂಡವರೂ ಗೆದ್ದರು. ಆದರೆ ಅದು ಇಡೀ ಪ್ರಪಂಚ ಹಣ ಸುರಿಯುತ್ತಿದ್ದ, ವರ್ಷಗಳ ಕೆಲಸ ತಿಂಗಳುಗಳಲ್ಲಿ ಮುಗಿದ ಅಪರೂಪದ ಸಂದರ್ಭ. ಸಾಮಾನ್ಯ ಕಾಲದಲ್ಲಿ ಎಂಟು ಮಂದಿಯ ರಕ್ತಪರೀಕ್ಷೆಗೂ ಔಷಧದಂಗಡಿಗೂ ನಡುವೆ ಒಂದು ದಶಕ ಇರುತ್ತದೆ; ಆ ದಶಕದುದ್ದಕ್ಕೂ ಕಂಪನಿ ಷೇರು ಮಾರುತ್ತಲೇ ಇರುತ್ತದೆ.

ನಾನೇ ಒಮ್ಮೆ ಹೀಗೆ ಸಿಕ್ಕಿಕೊಂಡಿದ್ದೆ. ಕಂಪನಿಯ ಹೆಸರು ಬೇಡ. ಇಲಿಯ ಪ್ರಯೋಗದ ಸುದ್ದಿ ಓದಿ ಕೊಂಡೆ. ಸುದ್ದಿ ಸುಳ್ಳಾಗಲಿಲ್ಲ, ಔಷಧ ಮೊದಲ ಹಂತವನ್ನು ದಾಟಿತು, ಎರಡನೆಯದನ್ನೂ ಪ್ರವೇಶಿಸಿತು. ಅಷ್ಟರೊಳಗೆ ಕಂಪನಿ ಮೂರು ಸಲ ಹೊಸ ಷೇರು ಹೊರಡಿಸಿ, ನನ್ನ ಪಾಲು ಮೂಲದ ಮೂರನೆಯ ಒಂದು ಭಾಗಕ್ಕೆ ಇಳಿದಿತ್ತು. ಹೊಸ ಷೇರಿನ ಹಣ ಕಂಪನಿಯ ಖಾತೆಗೇ ಬರುತ್ತದಲ್ಲ, ನಷ್ಟವೆಲ್ಲಿ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಬಂದ ಹಣ ಪ್ರಯೋಗಕ್ಕೆ ಖರ್ಚಾಗುತ್ತದೆ. ಆ ಖರ್ಚು ಔಷಧದ ಮೌಲ್ಯವನ್ನು ಅಷ್ಟೇ ಪ್ರಮಾಣದಲ್ಲಿ ಹೆಚ್ಚಿಸಿದರೆ ನಷ್ಟವಿಲ್ಲ. ಹೆಚ್ಚಿಸಲಿಲ್ಲ. ಬ್ಯಾಂಕಿನಲ್ಲಿರುವ ನಗದನ್ನು ಮೂರು ತಿಂಗಳ ಖರ್ಚಿನಿಂದ ಭಾಗಿಸಿ, ಇನ್ನೆಷ್ಟು ಕಾಲ ಉಸಿರಾಡಬಲ್ಲದು ಎಂದು ನೋಡುವ ಅಭ್ಯಾಸ ನನಗೆ ಬಂದದ್ದು ಅದಾದ ಮೇಲೆ.

ನಮಗೆ ತಿಳಿಯದಿದ್ದರೇನು, ದೊಡ್ಡ ಕಂಪನಿಗಳು ಹಣ ಹಾಕಿದ ಕಡೆ ನಾವೂ ಹಾಕಿದರಾಯಿತಲ್ಲ ಎಂಬ ವಾದವಿದೆ. ರೆಸ್ವೆರಟ್ರಾಲ್ ಎಂಬ, ದ್ರಾಕ್ಷಿಯ ಸಿಪ್ಪೆಯಲ್ಲಿರುವ ವಸ್ತು ಕೊಬ್ಬು ತಿಂದ ಇಲಿಗಳ ಆಯುಸ್ಸನ್ನು ಹೆಚ್ಚಿಸುತ್ತದೆ ಎಂಬ ಸುದ್ದಿ 2006ರಲ್ಲಿ ಜಗತ್ತನ್ನೆಲ್ಲ ಸುತ್ತಿತು. ಆ ದಾರಿಯಲ್ಲಿ ಔಷಧ ಹುಡುಕುತ್ತಿದ್ದ ಸರ್ಟ್ರಿಸ್ ಕಂಪನಿಯನ್ನು 2008ರಲ್ಲಿ ಗ್ಲಾಕ್ಸೊಸ್ಮಿತ್‌ಕ್ಲೈನ್ 72 ಕೋಟಿ ಡಾಲರ್ ಕೊಟ್ಟು ಕೊಂಡಿತು. ಎರಡೇ ವರ್ಷಗಳಲ್ಲಿ ಇತರ ಔಷಧ ಕಂಪನಿಗಳ ವಿಜ್ಞಾನಿಗಳು ಮೂಲ ಫಲಿತಾಂಶವನ್ನೇ ಪ್ರಶ್ನಿಸಿದರು. 2013ರಲ್ಲಿ ಸರ್ಟ್ರಿಸ್ ಕಚೇರಿ ಮುಚ್ಚಿತು. ಆದರೆ ಇಲ್ಲಿನ ವಿಚಿತ್ರ ನೋಡಿ: ಸರ್ಟ್ರಿಸ್ ಷೇರುದಾರರಿಗೆ ಪೇಟೆಯ ದರಕ್ಕಿಂತ ಬಹಳ ಹೆಚ್ಚಿನ ಬೆಲೆ ಸಿಕ್ಕಿತ್ತು. ಎಂಟ್ರೆಮೆಡ್ ವಿಷಯದಲ್ಲಿ ಆಲೋಚನೆ ಗೆದ್ದು ಷೇರುದಾರ ಸೋತ. ಇಲ್ಲಿ ಆಲೋಚನೆ ಅಲುಗಾಡಿತು, ಷೇರುದಾರ ಗೆದ್ದ. ದೊಡ್ಡವರ ಹಿಂದೆ ಹೋಗುವವರು ಆಕ್ಸೋವಂಟ್ ಕಂಪನಿಯನ್ನೂ ನೆನೆಯಬೇಕು. ಗ್ಲಾಕ್ಸೊ ಕೈಬಿಟ್ಟಿದ್ದ ಆಲ್‌ಜೈಮರ್ ಔಷಧವೊಂದನ್ನು ಆರಂಭದಲ್ಲಿ 50 ಲಕ್ಷ ಡಾಲರ್ ಕೊಟ್ಟು ಕೊಂಡು, 2015ರ ಜೂನಿನಲ್ಲಿ ಷೇರುಪೇಟೆಯಿಂದ 31.5 ಕೋಟಿ ಡಾಲರ್ ಎತ್ತಿದ ಕಂಪನಿಯದು. 2017ರಲ್ಲಿ ಔಷಧ ಸೋತ ದಿನ ಷೇರು ಶೇಕಡಾ 70ಕ್ಕಿಂತ ಹೆಚ್ಚು ಬಿತ್ತು.

ಹಾಗಾದರೆ ಬಯೋಟೆಕ್ ಷೇರುಗಳ ಹತ್ತಿರ ಸುಳಿಯಲೇಬಾರದೇ ಎಂದರೆ, ನನ್ನ ಉತ್ತರ ಹಾಗಲ್ಲ. ಎಲೈ ಲಿಲ್ಲಿ ಕಂಪನಿ 1990ರ ದಶಕದಲ್ಲಿ ಕ್ಸಾನೊಮೆಲಿನ್ ಎಂಬ ಅಣುವನ್ನು ಆಲ್‌ಜೈಮರ್ ರೋಗಿಗಳಲ್ಲಿ ಪರೀಕ್ಷಿಸಿತ್ತು. ಮನಸ್ಸಿನ ಭ್ರಮೆಗಳು ಕಡಿಮೆಯಾಗುವ ಲಕ್ಷಣ ಕಂಡಿದ್ದರೂ, ವಾಂತಿ, ಹೊಟ್ಟೆ ತೊಳಸುವಿಕೆ ತಾಳಲಾರದಷ್ಟಿದ್ದವು. ಕರುಣಾ ಎಂಬ ಚಿಕ್ಕ ಕಂಪನಿ (ಹೆಸರು ನಮ್ಮ ಕಿವಿಗೆ ಹಿತವಾಗಿದೆ, ಅದು ಹೂಡಿಕೆಗೆ ಕಾರಣವಾಗಬಾರದು) ಆ ಅಣುವಿನ ಜೊತೆಗೆ, ಮಿದುಳಿನೊಳಗೆ ಹೋಗದೆ ದೇಹದ ಉಳಿದ ಭಾಗದಲ್ಲಿ ಮಾತ್ರ ಅದರ ಪರಿಣಾಮವನ್ನು ತಡೆಯುವ ಟ್ರಾಸ್ಪಿಯಂ ಎಂಬ ಹಳೆಯ ಔಷಧವನ್ನು ಸೇರಿಸಿತು. 2019ರ ನವೆಂಬರಿನಲ್ಲಿ, ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇರುವ 182 ರೋಗಿಗಳ, ಪ್ಲಾಸಿಬೊ ಹೋಲಿಕೆಯಿದ್ದ ಎರಡನೆಯ ಹಂತದ ಪ್ರಯೋಗ ತನ್ನ ಪ್ರಧಾನ ಗುರಿಯನ್ನು ಮುಟ್ಟಿತು; ಷೇರು ಒಂದೇ ದಿನದಲ್ಲಿ ನಾಲ್ಕು ಪಟ್ಟಿಗೂ ಮೀರಿ ಏರಿ ನೂರು ಡಾಲರಿನ ಹತ್ತಿರ ನಿಂತಿತು. ಅವಕಾಶ ತಪ್ಪಿಹೋಯಿತು ಎಂದು ಅಂದು ಬಹಳ ಜನ ಅಂದುಕೊಂಡಿರಬೇಕು. 2023ರ ಡಿಸೆಂಬರಿನಲ್ಲಿ ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಆ ಕಂಪನಿಯನ್ನು ಷೇರಿಗೆ 330 ಡಾಲರಿನಂತೆ, ಒಟ್ಟು 1,400 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. 2024ರ ಸೆಪ್ಟೆಂಬರಿನಲ್ಲಿ ಔಷಧಕ್ಕೆ ಎಫ್‌ಡಿಎ ಅನುಮತಿಯೂ ದೊರೆಯಿತು.

ಗೆದ್ದ ಒಂದನ್ನು ಆರಿಸಿ ತೋರಿಸುವುದು ನಾನೇ ಟೀಕಿಸಿದ ತಪ್ಪು ಎಂಬುದು ನನಗೆ ಗೊತ್ತು. ಎರಡನೆಯ ಹಂತದಲ್ಲಿ ಗೆದ್ದು ಮೂರನೆಯದರಲ್ಲಿ ಮಣ್ಣುಮುಕ್ಕಿದವು ಎಷ್ಟೋ ಇವೆ. ಆದರೂ ಈ ಉದಾಹರಣೆಯನ್ನು ತಂದದ್ದಕ್ಕೆ ಕಾರಣವಿದೆ. ಮನುಷ್ಯರಲ್ಲಿ, ಹೋಲಿಕೆಯ ಗುಂಪಿನೊಂದಿಗೆ, ಮೊದಲೇ ಬರೆದಿಟ್ಟ ಗುರಿಯನ್ನು ಔಷಧ ಮುಟ್ಟುವವರೆಗೆ ಕಾದವನು ನಾಲ್ಕು ಪಟ್ಟಿನ ಏರಿಕೆಯನ್ನು ಕಳೆದುಕೊಂಡ, ನಿಜ. ಅದಕ್ಕೆ ಬದಲಾಗಿ ಆವರೆಗೆ ಸತ್ತುಹೋಗುವ ಬಹುಪಾಲು ಔಷಧಗಳಲ್ಲಿ ಹಣ ಹೂಳುವುದರಿಂದಲೂ ಪಾರಾದ. ಇಲಿಯ ಸುದ್ದಿಯ ದಿನ ಕೊಳ್ಳುವವನಿಗೆ ಈ ಎರಡನೆಯ ಸೌಲಭ್ಯ ಇಲ್ಲ, ಮತ್ತು ಆ ದಿನದ ಬೆಲೆಯಲ್ಲಿ ಸಾಮಾನ್ಯವಾಗಿ ಮೊದಲನೆಯದೂ ಉಳಿದಿರುವುದಿಲ್ಲ. ನನ್ನ ಮಟ್ಟಿಗೆ ಒಂದೇ ಔಷಧವಿರುವ ಕಂಪನಿಗಳಲ್ಲಿ, ಎಲ್ಲವೂ ಸೇರಿ, ಸೊನ್ನೆಯಾದರೂ ನಿದ್ದೆ ಕೆಡದಷ್ಟು ಹಣವನ್ನು ಮಾತ್ರ ಇಡುತ್ತೇನೆ, ಒಂದರಲ್ಲೇ ಇಡುವುದಿಲ್ಲ.

ಎಂಟ್ರೆಮೆಡ್ ಏನಾಯಿತು ಎಂದು ಸಭೆಯಲ್ಲಿ ಒಬ್ಬರು ಕೇಳಿದ್ದಾರೆ. 2014ರಲ್ಲಿ ಅದು ತನ್ನ ಹೆಸರನ್ನು ಕಾಸಿ ಫಾರ್ಮಾಸ್ಯುಟಿಕಲ್ಸ್ ಎಂದು ಬದಲಿಸಿಕೊಂಡಿತು. ಎಂಡೋಸ್ಟಾಟಿನ್ ಆ ಕಂಪನಿಯ ಕೈಯಲ್ಲಿ ಎಂದೂ ಔಷಧವಾಗಲಿಲ್ಲ. ಅದರ ಸ್ವಲ್ಪ ಮಾರ್ಪಡಿಸಿದ ರೂಪವೊಂದಕ್ಕೆ ಎಂಡೋಸ್ಟಾರ್ ಎಂಬ ಹೆಸರಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿನ ಚಿಕಿತ್ಸೆಗಾಗಿ, 2005ರಲ್ಲಿ ಚೀನಾದಲ್ಲಿ ಅನುಮತಿ ದೊರೆಯಿತು. ಆ ಔಷಧವನ್ನು ಪೇಟೆಗೆ ತಂದದ್ದು 1998ರ ಆ ಸೋಮವಾರ ಯಾರೂ ಷೇರು ಕೊಳ್ಳಲು ಹೋಗದಿದ್ದ ಇನ್ನೊಂದು ಕಂಪನಿ.